ಎಲ್ಲ ಸತ್ತವರಿಗೂ ಒಂದೇ ಕಾಗದ

ನಮ್ಮ ಆಂಗ್ಲಿಕನ್ ಪದ್ಧತಿಯ ಚರ್ಚಿನಲ್ಲಿ ಪ್ರಾರ್ಥನೆಗಳೆಲ್ಲ ಪುಸ್ತಕದಲ್ಲೇ ಸಿದ್ಧವಾಗಿರುತ್ತವೆ. ಪಾದ್ರಿ ಸ್ವಂತ ತಲೆ ಓಡಿಸಬೇಕಾದದ್ದು ಭಾಷಣಕ್ಕೆ ಮಾತ್ರ. ಪಾದ್ರಿಯಾದ ನಾನು ಆ ಕಷ್ಟವನ್ನೂ ತಪ್ಪಿಸಿಕೊಂಡಿದ್ದೆ.

ಸೊಲ್ಲಾಪುರದಲ್ಲಿ ಯಾರೇ ಸತ್ತರೂ ನಾನು ಓದುತ್ತಿದ್ದದ್ದು ಮರಾಠಿಯ ಒಂದೇ ಕಾಗದ, ಹೆಸರಿನ ಜಾಗ ಖಾಲಿ. 'ಇವರ ಮನೆಯಿಂದ ಯಾರೂ ಹಸಿದು ಹೋಗಲಿಲ್ಲ, ಇವರು ಯಾರನ್ನೂ ನೋಯಿಸಲಿಲ್ಲ.' ಎಂಜಲು ಕೈಯಲ್ಲಿ ಕಾಗೆ ಓಡಿಸದವನಿಗೂ ಅದೇ, ಕುಡಿದು ಚರಂಡಿಯಲ್ಲಿ ಮಲಗಿದವನಿಗೂ ಅದೇ. ಸತ್ತವರು ತಕರಾರು ಮಾಡುವುದಿಲ್ಲ. ಈ ಕಸುಬಿನ ದೊಡ್ಡ ಸುಖವೇ ಅದು.

ತಕರಾರು ತೆಗೆದವಳು ಬದುಕಿದ್ದ ಒಬ್ಬ ಮುದುಕಿ. ನನ್ನ ಹಾಗೆ ಕನ್ನಡ ಮಾತಾಡುವ ಅಕ್ಕಲಕೋಟ ಕಡೆಯವಳು, ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದವಳು. ಅವಳ ಬಾಯಿಗೆ ಹೆದರಿ ನಾನೇ ಎಷ್ಟೋ ಸಲ ಓಣಿ ಬದಲಿಸಿದ್ದೆ. ಹಾಸಿಗೆ ಹಿಡಿದಳೆಂದು ಪ್ರಾರ್ಥನೆಗೆ ಹೋದರೆ, ಅವಳು ಪುಸ್ತಕ ಮುಚ್ಚಿಸಿದಳು.

"ಪಾದ್ರಿಸಾಹೇಬ್ರ, ಆ ಕಾಗದ ನನ್ನ ಮ್ಯಾಲ ಓದಬ್ಯಾಡ್ರಿ. ನನ್ನ ಗಂಡನ ಮ್ಯಾಲ ಓದಿದ್ರಿ. ಇಪ್ಪತ್ತ ವರ್ಷ ನನ್ನ ಹೊಡದಾಂವನ್ನ ಸಂತ ಮಾಡಿಬಿಟ್ರಿ. ಮಾವ ದೇವರಂಥಾಂವ, ಅತ್ತಿ ಬಾಯೇ ಕೆಟ್ಟದ್ದು ಅಂತ ಸೊಸಿ ಇವತ್ತಿಗೂ ಅಂತಾಳ."

"ಈಗೇನು ಮಾಡ್ಲಿ?"

"ಬಾಯಿ ಕೆಟ್ಟದ್ದಿತ್ತು ಅಂತನ ಹೇಳ್ರಿ. ಯಾಕ ಕೆಟ್ಟಿತು, ಅದನ್ನೂ ಹೇಳ್ರಿ."

ನನಗೆ ನಾಚಿಕೆಯಾಯಿತು. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ, ಈ ಮುದುಕಿ ನನಗಿಂತ ಹೆಚ್ಚು ದಿನ ಬದುಕಿದರೆ ಸಾಕಪ್ಪ ದೇವರೇ ಎಂದು ಬೇಡಿಕೊಂಡದ್ದೂ ನಿಜ. ದೇವರು ಕೇಳಲಿಲ್ಲ.

ಅವಳನ್ನು ಮಣ್ಣು ಮಾಡುವ ದಿನ ಚರ್ಚು ತುಂಬಿತ್ತು. ಮುಂದಿನ ಬೆಂಚಿನಲ್ಲಿ ದೊಡ್ಡ ಮಗ, ಪಕ್ಕದಲ್ಲಿ ಸೊಸೆ. ಮರಾಠಿಯಲ್ಲಿ ಶುರು ಮಾಡಿದೆ. ಈಕೆಯ ಬಾಯಿ ಬಹಳ ಕೆಟ್ಟದ್ದು ಎಂದಾಗ ಜನ ನಕ್ಕರು. ಆ ನಗು ಕೇಳಿ ನನಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಕನ್ನಡವೂ ಬಂತು. "ನಗಬ್ಯಾಡ್ರಿ. ಹೊಡತ ತಿಂದು ತಿಂದು ಕೆಟ್ಟ ಬಾಯಿ ಇದು. ಹೊಡದಾಂವನ್ನ ಇಲ್ಲೇ ನಿಂತು ಹೊಗಳಿದಾಂವ ನಾನು. ಅವತ್ತ ನಾ ಹೇಳಿದ್ದು ಸುಳ್ಳು."

ದೊಡ್ಡ ಮಗ ಎದ್ದು ನಿಂತ. ಕಟ್ಟುಮಸ್ತಾದ ಆಳು, ನನಗೆ ಇವತ್ತು ಏಟು ಬಿತ್ತು ಎಂದುಕೊಂಡು ಬೈಬಲ್ಲನ್ನು ಎದೆಗೆ ಹಿಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ, ಹೆಂಡತಿಯ ಕಡೆ ತಿರುಗಿದ.

"ಖರೇ ಐತಿ," ಅಂದ. "ಅಪ್ಪ ನನಗ ಹೊಡ್ಯಾಕ ಬಂದಾಗೆಲ್ಲ ಅವ್ವ ನಡುವ ಬಂದು ನಿಲ್ತಿದ್ಲು."