ಬಿಳಿ ಹಿಟ್ಟು ಹಿಡಿದ ಎಲೆ

ಎಲೆ ಕೆಡಿಸಿದವಳು ನಾನು, ಬೈಸಿಕೊಂಡವಳು ಮೊಮ್ಮಗಳು. ನಡೆದದ್ದು ಇಷ್ಟೇ. ಮೀರಾಗೆ ಆಗ ಏಳು ವರ್ಷ, ನಾವೆಲ್ಲ ಪರದೇಶದಲ್ಲಿ, ಪೊಮೊನಾ ಎಂಬ ಊರಲ್ಲಿ ಒಂದೇ ಮನೆಯಲ್ಲಿದ್ದ ಕಾಲ.

ನನ್ನ ಮಗಳು ಶೈಲಾ ಅಲ್ಲಿ ಯೂನಿವರ್ಸಿಟಿಯಲ್ಲಿ ಎಲೆಗೆ ಹಿಡಿಯುವ ಬೂಷ್ಟು ಓದುತ್ತಿದ್ದಳು. ಬೇರೆಯವರ ಮಕ್ಕಳು ಡಾಕ್ಟರಿಕೆ ಓದಿದರು, ಇವಳು ಬೂಷ್ಟು. ಶನಿವಾರ ಬಂತೆಂದರೆ ಅವಳೂ ಮೀರಾಳೂ ಬೆಟ್ಟಕ್ಕೆ ಹೋಗಿ ಚುಕ್ಕೆ ಬಿದ್ದ ಎಲೆ ಹುಡುಕಿ ತರುವರು. ಮನೆಯೆಲ್ಲ ಅಜವಾನದಂಥ ಘಾಟು. ನಾನು ರೊಟ್ಟಿ ಬಡಿಯುವಾಗ ಮೀರಾ ಪಕ್ಕದಲ್ಲಿ ಕೂತು ಬೆಟ್ಟದಿಂದ ತಂದ ಐದು ಹರಳು ತೂರಿ ಹಿಡಿಯುತ್ತ ಆಣಿಕಲ್ಲು ಆಡುವಳು.

ಒಂದು ಶನಿವಾರ ಮೀರಾಳೇ ಒಂದು ಪೊದೆ ಕಂಡುಹಿಡಿದಳು. ಎಲೆಯ ಮೇಲೆ ಬಿಳಿ ಹಿಟ್ಟು, ಅದರಲ್ಲಿ ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆ.

"ಅವ್ವಾ, ಇಂಥಾ ಬೂಷ್ಟು ಇನ್ನೂತನಕ ಯಾರೂ ನೋಡಿಲ್ಲ ಅನಸ್ತೈತಿ," ಎಂದು ಮನೆಗೆ ಬಂದ ಶೈಲಾ ನನಗೆ ಹೇಳಿದಳು. "ಸಿಕ್ಕಿದ್ದು ಇಷ್ಟ ಎಲಿ. ಸೋಮವಾರ ಮೈಕ್ರೋಸ್ಕೋಪಿನ್ಯಾಗ ನೋಡ್ತೀನಿ."

ಮೀರಾ ಚೀಟಿಯಲ್ಲಿ ತನ್ನ ಹೆಸರು ಬರೆದು, ಎಲೆಗಳ ಜೊತೆ ಪೇಪರಿನ ಮಡಿಕೆಯೊಳಗಿಟ್ಟಳು.

ನಾನು ವೀಳ್ಯದೆಲೆ ಮಾರುವವರ ಮನೆಯಲ್ಲಿ ಹುಟ್ಟಿದವಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ಎಲೆ ಆರಿಸಲು ಕೂರಿಸಿದ್ದರು. ದಿನಾ ಕಟ್ಟು ಬಿಚ್ಚಿ ಒಂದೊಂದೇ ಎಲೆ ಒರೆಸಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಆ ಕೈ ಸುಮ್ಮನಿದ್ದೀತೇ? ಅದೇ ಸಂಜೆ ಶೈಲಾ ಸ್ನಾನಕ್ಕೆ ಹೋದಾಗ ಮಡಿಕೆ ಬಿಚ್ಚಿ ಎಲ್ಲ ಎಲೆ ಒರೆಸಿದೆ.

"ಅಜ್ಜಿ, ನೋ! ದಟ್ಸ್ ದ ಫಂಗಸ್!" ಮೀರಾ ಓಡಿ ಬಂದು ಎಲೆ ಕಸಿದುಕೊಂಡಳು.

"ಹೊಲಸಾಗಿತ್ತವ್ವಾ," ಎಂದೆ.

ಅಷ್ಟರಲ್ಲಿ ಶೈಲಾ ಬಂದಳು. ಎಲೆ ಮೀರಾಳ ಕೈಯಲ್ಲಿತ್ತು.

"ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳೀನಿ? ಇನ್ನ ನಿನ್ನ ಬೆಟ್ಟಕ್ಕ ಕರಕೊಂಡು ಹೋಗಂಗಿಲ್ಲ!"

ಮೀರಾ ನನ್ನ ಮುಖ ನೋಡಿದಳು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮಗಳಿಗೆ ಅಂಜಿದೆ. ಮೀರಾ ಉಣ್ಣದೆ ಮಲಗಿದಳು.

ಈಗ ಮೀರಾ ದೊಡ್ಡವಳು. ಫೋನಿನಲ್ಲಿ "ಹೌ ಆರ್ ಯೂ, ಅಜ್ಜಿ?" ಅನ್ನುತ್ತಾಳೆ, ನಾನು ಆರಾಮ ಅನ್ನುತ್ತೇನೆ, ಮಾತು ಮುಗಿಯುತ್ತದೆ. ನನಗಾಗಿ ಬೈಸಿಕೊಂಡು ಸುಮ್ಮನಿದ್ದ ಆ ಹುಡುಗಿ ಫೋನಿನಲ್ಲಿ ಸಿಗುವುದಿಲ್ಲ.

ಅಂದು ಎಲೆ ಒರೆಸಿದ ಮರುದಿನ ಬೆಳಿಗ್ಗೆ ಶೈಲಾ ಚಹಾ ಕುಡಿಯುತ್ತಿದ್ದಾಗ ಎದುರು ಹೋಗಿ ನಿಂತೆ.

"ಒರೆಸಿದಾಕಿ ನಾನು. ಹುಡುಗಿ ಅಲ್ಲ."

"ನಿನ್ನೆ ಬಾಯಿ ಎಲ್ಲಿಟ್ಟಿದ್ದಿ ಅವ್ವಾ?"

"ಬೈಯೂದು ದಾರ್ಯಾಗ ಬೈ. ಮೊದಲ ಕಾರ್ ತಗಿ, ಅಂಥಾ ಎಲಿ ಮತ್ತ ಹುಡುಕೂಣು."

ಸೀರೆ ಎತ್ತಿ ಕಟ್ಟಿ, ಅಳಿಯನ ಬೂಟಿನಲ್ಲಿ ಕಾಲು ತುರುಕಿ, ಮೀರಾಳನ್ನು ಮುಂದೆ ಬಿಟ್ಟುಕೊಂಡು ಬೆಟ್ಟ ಹತ್ತಿದೆ.