ಕಲ್ಯಾಣದ ಕೆರೆಯಲ್ಲಿ ಒಂದು ಕೆಂಪು ಕಿಡಿ

ಐವತ್ತು ದಾಟಿದ ಮೇಲೆ ಮೆಕ್ಯಾನಿಕ್ ಕೆಲಸ ಮಾಡಬಾರದು. ನಾನು ಇನ್ನೂ ಮಾಡುತ್ತಿದ್ದೇನೆ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಗ್ಯಾರೇಜು. ಸ್ಕೂಟರು, ಬೈಕು, ಹೊಲಕ್ಕೆ ಔಷಧಿ ಹೊಡೆಯುವ ಪಂಪು, ಏನು ತಂದರೂ ಬೇಡ ಅನ್ನುವ ಧೈರ್ಯ ನನಗಿಲ್ಲ. ಸಂಜೆಯಾದರೆ ಸೊಂಟ ಹಿಡಿದುಕೊಂಡಿರುತ್ತದೆ, ಮಾತಾಡಿಸಿದವರ ಮೇಲೆಲ್ಲ ಸಿಡುಕುತ್ತೇನೆ. ಹೋದ ವರ್ಷ ದಸರೆ ಮುಗಿದು ವಾರವಾಗಿತ್ತು, ಅಂಥದೇ ಒಂದು ಸಂಜೆ ಅಕ್ಕ ಫೋನು ಮಾಡಿದಳು.

"ನಾಳೆ ಕಲ್ಯಾಣಕ್ಕ ಬಾರೋ. ನಿಮ್ಮ ಮಾಮಾನ ಭುಜ ಪೂರಾ ಹೋಗೇದ. ಇನ್ನ ಹುಟ್ಟು ಹಾಕಿದ್ರ ಕೈ ಮ್ಯಾಲ ಏಳಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಆ ಎಂಜಿನ್ ಚಾಲೂ ಆದ್ರ ಆತು, ಇಲ್ಲಾಂದ್ರ ದೋಣಿ ಯಾರಿಗರೆ ಕೊಟ್ಟು ಮನ್ಯಾಗ ಕೂಡ್ತೀನಿ ಅನ್ನಾಕತ್ತಾರ."

ಮಾಮಾ ಅಂದರೆ ಅಕ್ಕನ ಗಂಡ. ಬಸವಕಲ್ಯಾಣದ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. ಕೆರೆ ಬಿಟ್ಟರೆ ಆ ಮನುಷ್ಯ ಬಹಳ ದಿನ ಬಾಳುವುದಿಲ್ಲ, ಅದು ಅಕ್ಕನಿಗೂ ಗೊತ್ತು, ನನಗೂ ಗೊತ್ತು. ಅವರ ದೋಣಿ ಮೊದಲು ಸೋಲಾಪುರದ ಕಡೆ ಯಾರದೋ ಹಾಯಿದೋಣಿಯಾಗಿತ್ತು. ಆ ಹಾಯಿ ನಮ್ಮ ಕೆರೆಯ ಗಾಳಿಗೆ ಉಬ್ಬಿದ್ದನ್ನು ನಾನಂತೂ ನೋಡಿಲ್ಲ. ಅಕ್ಕ ಅದನ್ನು ಜೋಳ ಒಣಗಿಸಲು ಹಾಸುತ್ತಾಳೆ. ಉಳಿದದ್ದು ಒಂದು ಕಂಬ, ಮತ್ತೆ ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಪೆಟ್ರೋಲ್ ಎಂಜಿನ್. ನಾಲ್ಕು ವರ್ಷದ ಹಿಂದೆ ಅದು ನಿಂತಾಗ ನೋಡಿದವನು ನಾನೇ. ಕಾಯಿಲ್ ಹೋಗಿದೆ, ಇದರ ಸಾಮಾನು ಈ ಕಡೆ ಸಿಗುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಂಡು ಬಂದಿದ್ದೆ. ಅಂದಿನಿಂದ ಮಾಮಾ ಹುಟ್ಟು ಹಾಕುತ್ತಿದ್ದರು.

ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಲೇ ಜೀವ ಬೇಸತ್ತಿತ್ತು. ದಾರಿಯಲ್ಲಿ ರಾಜೇಶ್ವರ ಊರು ದಾಟುವವರೆಗೆ ತೂಕಡಿಸಿದೆ. ಸತ್ತ ಎಂಜಿನ್ನನ್ನು ಮತ್ತೊಮ್ಮೆ ಸತ್ತಿದೆ ಎಂದು ಹೇಳುವುದಕ್ಕೆ ಇಷ್ಟು ದೂರ ಹೋಗಬೇಕೇ ಎಂದು ಸಿಟ್ಟೂ ಬಂತು.

ಕೆರೆಯ ದಂಡೆಯಲ್ಲಿ ಮಾಮಾ ಬಲಗೈಯನ್ನು ಹೊಟ್ಟೆಗೆ ಅವಚಿಕೊಂಡು ಕೂತಿದ್ದರು. "ಬರ್ರಿ ಮಿಸ್ತ್ರಿ ಸಾಹೇಬ್ರ!" ಅಂದರು. ದೋಣಿಯೊಳಗೆ ಇಣುಕಿದೆ. ನಾಲ್ಕು ವರ್ಷದಿಂದ ಒಂದು ಸದ್ದೂ ಮಾಡದ ಎಂಜಿನ್ನು ಹೊಸ ಹಸಿರು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ಹೊಳೆಯುತ್ತಿತ್ತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

"ಸತ್ತ ಎಂಜಿನ್ನಿಗೆ ಸಿಂಗಾರ ಯಾಕ್ರಿ ಮಾಮಾ?"

"ಸತ್ತದ ಅಂತ ನೀ ಅಂದಿ. ನಾ ಎಲ್ಲಿ ಅಂದೀನಿ?" ಎಂದು ನಕ್ಕರು.

ಹಳೆಯ ಪೆಟ್ರೋಲು ಹುಳಿ ವಾಸನೆ ಬರುತ್ತಿತ್ತು. ಎಲ್ಲ ಚೆಲ್ಲಿ ಹೊಸದು ಹಾಕಿದೆ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಬರಿಯ ಬೋಲ್ಟೊಂದಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆದೆ. ಕಿಡಿ ಬಂತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು, ಸತ್ತಿದೆ ಎಂದು ಹೇಳಿ ಎದ್ದು ಹೋಗಬಹುದಿತ್ತು. ಒಳ್ಳೆಯ ಕಿಡಿ ನೀಲಿ ಇರುತ್ತದೆ, ಚಟ್ ಎಂದು ಸದ್ದು ಮಾಡುತ್ತದೆ. ಇದು ಕೆಂಪಗೆ, ನೂಲಿನಷ್ಟು ಸಣ್ಣಗೆ ಮಿಣುಕಿ ಆರಿತು. ಹೊಸ ಪ್ಲಗ್ ಹಾಕಿದೆ, ಅದೇ ಕೆಂಪು. ವೈರಿನ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದೆ, ಅದೇ. ಚಕ್ರ ಕಳಚಿ, ಒಳಗೆ ಕರೆಂಟು ಕೂಡಿಸಿ ಕಡಿಯುವ, ಕಪ್ಪಗಾಗಿದ್ದ ಪಾಯಿಂಟುಗಳನ್ನು ಮರಳು ಕಾಗದದಿಂದ ಉಜ್ಜಿ ಕೂಡಿಸಿದೆ. ಆಗಲೂ ಅದೇ ಹಾಳು ಕೆಂಪು.

ಪ್ರತಿ ಸಲವೂ ಹಗ್ಗ ಎಳೆಯಬೇಕು. ನನ್ನ ತೋಳೇ ಕಳಚಿ ಬೀಳುವಂತಾಯಿತು. ಮಾಮಾ ಒಮ್ಮೆ ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದರು. ಬಲಗೈ ಎದೆಯವರೆಗೆ ಬಂದು ಅಲ್ಲೇ ನಿಂತಿತು, ಮುಖ ಬಿಳಿಚಿಕೊಂಡಿತು. ರೊಟ್ಟಿ ಬುತ್ತಿ ತಂದಿದ್ದ ಅಕ್ಕ, "ಏನ್ ಮಾಡಾಕತ್ತೀರಿ? ಕೈ ಮುರಕೊಂಡ ಮ್ಯಾಲ ಸುಮ್ ಕೂಡ್ತೀರೇನು?" ಎಂದು ಗದರಿದಳು. ಅವರು ಸಣ್ಣವರಂತೆ ಹೋಗಿ ಕೂತರು.

ಊಟವಾದ ಮೇಲೆ ನನಗೆ ಮಲಗಬೇಕೆನಿಸಿತು. ಆಗುವುದಿಲ್ಲ ಎಂದು ಹೇಳಿ ಮೂರರ ಬಸ್ಸು ಹಿಡಿಯೋಣ ಅಂದುಕೊಂಡೆ. ಆದರೆ ಅಕ್ಕ ಎದುರಿಗೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಉಳಿದದ್ದು ಕಾಯಿಲ್ ಒಂದೇ. ಕಿಡಿಗೆ ಕಸುವು ಕೊಡುವುದು ಅದು. ತಗಡಿನ ಕವರಿನೊಳಗೆ ಎರಡು ಬೋಲ್ಟಿನ ಮೇಲೆ ಕೂತಿರುತ್ತದೆ. ಕವರ್ ಬಿಚ್ಚಿದೆ. ಕಾಯಿಲ್ ಬಿಗಿಯಾಗಿಯೇ ಇತ್ತು. ಅದರ ಕಾಲಿನಿಂದ ಎಂಜಿನ್ನಿನ ಬೋಲ್ಟಿಗೆ ಸುಮ್ಮನೆ ಒಂದು ತುಂಡು ವೈರು ಹಿಡಿಸಿ ಹಗ್ಗ ಎಳೆದೆ.

ಚಟ್! ನೀಲಿ ಕಿಡಿ.

ಮತ್ತೆ ಎಳೆದೆ. ಮತ್ತೆ ನೀಲಿ. ಕಾಯಿಲ್ ಕಳಚಿ ಅದರ ಬುಡ ನೋಡಿದೆ. ಬರಿಯ ಕಬ್ಬಿಣಕ್ಕೆ ತಾಗಿ ಕೂರಬೇಕಾದ ಜಾಗದಲ್ಲಿ ಬಣ್ಣವೋ ಬಣ್ಣ. ಹಸಿರು, ಅದರ ಕೆಳಗೆ ಕೆಂಪು, ಅದರ ಕೆಳಗೆ ಬೆಳ್ಳಿ ಬಣ್ಣ, ಅದರ ಕೆಳಗೂ ಇನ್ನಷ್ಟು ಹಳೆಯ ಪದರಗಳು. ಬೋಲ್ಟಿನ ತೂತಿನೊಳಗೂ ಇಳಿದಿತ್ತು. ಆ ಪದರಗಳ ಮೇಲೆ ಕೂತ ಕಾಯಿಲ್ಲಿಗೆ ಎಂಜಿನ್ನಿನ ಸಂಬಂಧವೇ ಸರಿಯಾಗಿ ಇರಲಿಲ್ಲ, ಕರೆಂಟು ಹರಿಯಲು ದಾರಿ ಸಾಲದೆ ಕಿಡಿ ಕೆಂಪಾಗಿತ್ತು.

"ಮಾಮಾ, ಇದರ ಬುಡಕ್ಕ ಬಣ್ಣ ಯಾರು ಹಚ್ಚಿದ್ರು?"

"ನಾನೇ. ದೇವರ ಕೆಲಸದಾಗ ಕಳ್ಳತನ ಮಾಡಬಾರ್ದಲ್ಲ? ಮೊದಲಿಂದೂ ವರ್ಷಾ ದಸರಾಕ ಎಲ್ಲಾ ಬಿಚ್ಚಿ, ಒರಿಸಿ, ಬುಡಕ್ಕೂ ಒಂದು ಕೈ ಹಚ್ಚಿ ಕೂಡಿಸ್ತೀನಿ."

ಬ್ಲೇಡಿನಿಂದ ಬಣ್ಣವನ್ನೆಲ್ಲ ಹೆರೆದೆ. ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಕಾಯಿಲ್ ಕೂಡಿಸಿ, ಪ್ಲಗ್ ಬಿಗಿದು, ಹಲ್ಲು ಕಚ್ಚಿ ಹಗ್ಗ ಎಳೆದೆ. ಮೂರನೆಯ ಎಳೆತಕ್ಕೆ ಕೆಮ್ಮಿತು, ದಟ್ಟ ಹೊಗೆ ಉಗುಳಿತು, ಆಮೇಲೆ ಒಂದೇ ಸಮನೆ ಓಡತೊಡಗಿತು. "ಅಯ್ಯ ನಮ್ಮವ್ವ!" ಎಂದು ಅಕ್ಕ ಬಾಯಿಗೆ ಸೆರಗು ಹಿಡಿದಳು. ಮಾಮಾ ದೋಣಿಗೆ ಇಳಿದು ಎಡಗೈಯನ್ನು ಎಂಜಿನ್ನಿನ ಮೇಲಿಟ್ಟು ಅದರ ನಡುಕವನ್ನು ಬಹಳ ಹೊತ್ತು ನೋಡಿದರು.

"ಅಂದ್ರ ನನ್ನ ಬಣ್ಣಾನೇ ಇದರ ಉಸಿರು ಕಟ್ಟಿಸಿತ್ತೇನು? ನನ್ನಂಥ ಹುಚ್ಚ ಯಾರದಾನ!"

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪನ್ನು ಅವರೇ ಮೈಮೇಲೆ ಹಾಕಿಕೊಂಡಿದ್ದರು. ಸುಮ್ಮನಿರಬೇಕೆಂದೇ ಬೋಲ್ಟು ಬಿಚ್ಚಿದ ಪಾನಾ ಒರೆಸುತ್ತ ಕೂತೆ. ಆಗಲಿಲ್ಲ, ಆ ಭುಜ ಕಣ್ಣೆದುರಿಗೇ ಇತ್ತು.

"ಬಣ್ಣ ನಿಮ್ದ, ಖರೆ. ಆದ್ರ ಅವತ್ತ ನಾ ಈ ಕವರ್ ಬಿಚ್ಚಲೇ ಇಲ್ಲರಿ ಮಾಮಾ. ಗ್ಯಾರೇಜಿನ್ಯಾಗ ಮಂದಿ ಕಾಯಾಕತ್ತಿದ್ರು. ಕೆಂಪು ಕಿಡಿ ನೋಡಿ, ಮ್ಯಾಲಿಂದ ಮ್ಯಾಲ ಕಾಯಿಲ್ ಹೋಗೇದ ಅಂದುಬಿಟ್ಟೆ. ಬಿಚ್ಚಿದ್ರ ಅವತ್ತೇ ಸಿಗ್ತಿತ್ತು."

ಮಾಮಾ ಎಂಜಿನ್ನಿನ ವೇಗ ತಗ್ಗಿಸಿದರು. ನನ್ನ ಕಡೆ ತಿರುಗಲಿಲ್ಲ.

"ಗೊತ್ತದ. ಅವತ್ತ ನಿನ್ನ ಬಾಜೂಕೇ ನಿಂತಿದ್ದೆನಲ್ಲ."

"ಗೊತ್ತಿತ್ತೇನು? ಮತ್ತ ಬ್ಯಾರೆ ಮಿಸ್ತ್ರಿನ್ನ ಯಾಕ ಕರೀಲಿಲ್ಲ? ನಾಕ ವರ್ಷ ಆತಲ್ರಿ!"

"ಹ್ಯಾಂಗ ಕರೀಲಿ? ಸ್ವಂತ ಮಾಮಾನೇ ಬ್ಯಾರೆಯವರ ಕಡಿ ಹೋದ ಅಂದ್ರ, ನಿನ್ನ ಗ್ಯಾರೇಜಿಗೆ ಯಾರು ಬರ್ತಿದ್ರು?"

ಅಕ್ಕನ ಮುಖ ನೋಡಿದೆ. ಅವಳು ಬುತ್ತಿಯ ಡಬ್ಬಿ ಕಟ್ಟತೊಡಗಿದಳು, ಅವಳಿಗೂ ಗೊತ್ತಿತ್ತು. ಮಾಮಾ ಎಡಗೈಯಲ್ಲಿ ಚುಕ್ಕಾಣಿ ಹಿಡಿದು "ಬಾ, ಕೂಡು" ಅಂದರು. ಕೂತೆ. ದೋಣಿ ಕೆರೆಯ ನಡುವಿಗೆ ಹೋಗುವವರೆಗೂ ಅತ್ತೆ. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ ಅಂದುಕೊಂಡಿದ್ದೇನೆ.