ಆರು ಬಂದರು, ನನ್ನದೊಂದು ಟಿಕ್ಕು

ಮಕ್ಕಳೇ, ಮೊದಲು ನನ್ನ ದಡ್ಡತನವೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಮೆಡಿಟರೇನಿಯನ್ ಸಮುದ್ರವನ್ನು ನಮ್ಮ ಶಾಲೆಯ ಪುಸ್ತಕದಲ್ಲಿ ಭೂಮಧ್ಯ ಸಮುದ್ರ ಎಂದು ಬರೆದಿದ್ದರು. ಅದೇ ಪುಸ್ತಕದಲ್ಲಿ ಭೂಮಧ್ಯ ರೇಖೆ ಎಂಬುದೂ ಇತ್ತು. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ನನ್ನ ತಲೆಯಲ್ಲಿ ಇವೆರಡೂ ಐವತ್ತು ವರ್ಷಗಳಿಂದ ಒಂದಕ್ಕೊಂದು ಅಂಟಿಕೊಂಡು, ರೇಖೆಯ ಮೇಲೆಯೇ ಸಮುದ್ರ ಕೂತುಬಿಟ್ಟಿತ್ತು. ಹೀಗಾಗಿ ಆ ಕಡೆ ಹೋಗುವುದು ನಿಶ್ಚಯವಾದಾಗ ಶಹಾಪುರದ ನಮ್ಮ ಓಣಿಯವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: “ಅಲ್ಲಿ ಯಾದಗಿರಿಕಿಂತಾ ಬಿಸಲು ಹೆಚ್ಚರಿ.” ಪೆಟ್ಟಿಗೆಯಲ್ಲಿದ್ದ ಸ್ವೆಟರ್ ತೆಗೆದು ಆ ಜಾಗದಲ್ಲಿ ಬೀಸಣಿಕೆ ಇಟ್ಟೆ. ನಿಮ್ಮೆಲ್ಲರಿಗಿಂತ ಹಿರಿಯಳಾದ ಸಹನಾ, ಯಾದಗಿರಿಯ ಕಾಲೇಜಿನಿಂದ ರಜೆಗೆ ಬಂದಿದ್ದಳು. ಪೆಟ್ಟಿಗೆ ತೆರೆದು ನೋಡಿದವಳು ನೆಲದ ಮೇಲೆ ಕೂತು ನಕ್ಕಳು.

“ಆಯಿ, ಆ ರೇಖಾ ನಮಗಿಂತಾ ಕೆಳಗ ಅದ. ಈ ಸಮುದ್ರ ನಮಗಿಂತಾ ಮ್ಯಾಲ ಅದ. ನೀ ಎರಡೂ ಎಳಕೊಂಡು ಬಂದು ಒಂದ ಗೂಟಕ್ಕ ಕಟ್ಟೀದಿ ನೋಡು!”

ಹಾಗಾದರೆ ಅದಕ್ಕೆ ಭೂಮಿಯ ಮಧ್ಯ ಎಂದು ಹೆಸರಿಟ್ಟವರು ಯಾರು? ಅದರ ಸುತ್ತ ಇದ್ದವರೇ ಇಟ್ಟುಕೊಂಡರಂತೆ. ನಾನು ಅವರನ್ನು ತಪ್ಪು ಎನ್ನುವುದಿಲ್ಲ. ನನ್ನ ತವರಿನಲ್ಲಿ, ಕೃಷ್ಣಾ ಹೊಳೆಯ ದಂಡೆಯಲ್ಲಿ, ಆಚೆ ದಂಡೆಗೆ ಹೆಣ್ಣು ಕೊಟ್ಟರೆ ಪರದೇಶಕ್ಕೆ ಕೊಟ್ಟ ಹಾಗೆ ಅಳುತ್ತಿದ್ದರು. ಹೊಳೆ ಕಣ್ಣಿಗೆ ಕಾಣುವಷ್ಟೇ ಅಗಲ. ಆಚೆ ದಂಡೆಯವರೂ ನಮ್ಮ ಕಡೆ ಹೆಣ್ಣು ಕೊಡುವಾಗ ಅಷ್ಟೇ ಅಳುತ್ತಿದ್ದರೆಂದು ಆಮೇಲೆ ತಿಳಿಯಿತು. ಭೂಮಿಗೆ ಎಷ್ಟು ಮಧ್ಯಗಳಿವೆಯೋ!

ನನ್ನಂಥವಳು ಹಡಗು ಹತ್ತುವ ಪ್ರಸಂಗ ಬಂದದ್ದು ನನ್ನ ತಂಗಿ ಸುಶೀಲಾಳಿಂದ, ಅಂದರೆ ನಿಮ್ಮ ಸಣ್ಣಾಯಿಯಿಂದ. ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಳಾಗಿ ಈಗ ಸುರಪುರದಲ್ಲಿದ್ದಾಳೆ. ಮದುವೆಯ ಗೋಜಿಗೆ ಹೋಗಲಿಲ್ಲ. ಅವಳ ಜೊತೆ ಕೆಲಸ ಮಾಡಿದ ಹತ್ತಾರು ನರ್ಸುಗಳು ಸೇರಿ ಹಡಗಿನ ಪ್ರವಾಸಕ್ಕೆ ಹೆಸರು ಕೊಟ್ಟರು. ಅವಳ ಕೋಣೆಯ ಎರಡನೆಯ ಹಾಸಿಗೆಗೆ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆಸಿದಳು. ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಒಪ್ಪಿಕೊಂಡೆ. ನನ್ನ ಬದುಕಿನ ಬಹುಪಾಲು ಹೀಗೆಯೇ ನಡೆದಿದೆ.

ಹಡಗಿನ ಪ್ರವಾಸವೆಂದರೆ ಹಡಗಿನಲ್ಲಿ ಕೂತಿರುವುದು ಎಂದುಕೊಂಡಿದ್ದೆ. ಹಾಗಲ್ಲವಂತೆ. ಹಡಗು ರಾತ್ರಿಯೆಲ್ಲ ನಡೆದು ಬೆಳಗಾದರೆ ಒಂದು ಬಂದರಿಗೆ ಬಂದು ನಿಲ್ಲುತ್ತದೆ. ಇಳಿದು, ಊರು ನೋಡಿ, ಸಂಜೆಯೊಳಗೆ ಮರಳಿ ಹತ್ತಬೇಕು. ಹೀಗೆ ಆರು ಬಂದರು. ಇಳಿದ ಮೇಲೆ ಏನೇನು ನೋಡುತ್ತೀರೆಂದು ಮನೆಯಲ್ಲಿ ಕೂತೇ ಆರಿಸಿ, ಒಂದು ಕಾಗದದ ಮೇಲೆ ಟಿಕ್ ಹಾಕಿ ಮೊದಲೇ ಕಳಿಸಬೇಕು. ಒಂದೊಂದು ಬಂದರಿಗೆ ಎಂಟು ಹತ್ತು ಬಗೆ. ಮದುವೆಯ ಊಟದ ಎಲೆಯ ಮುಂದೆ ಕೂತು, ಬಡಿಸುವ ಮೊದಲೇ ಏನೇನು ಉಣ್ಣುತ್ತೀರಿ ಎಂದು ಬರೆದುಕೊಡಿ ಅಂದ ಹಾಗೆ.

ಆ ಕಾಗದದಲ್ಲಿ ಪ್ರತಿಯೊಂದರ ಮುಂದೆ ಸಣ್ಣ ಸಣ್ಣ ಬೂಟಿನ ಚಿತ್ರಗಳಿದ್ದವು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಬೆಟ್ಟದ ಮೇಲಿನ ಊರಿಗೆ ಮೂರು. ಅಷ್ಟು ಜೋಡಿ ಚಪ್ಪಲಿ ತರಬೇಕೆಂದು ನಾನು ತಿಳಿದೆ. ಇಡೀ ಸಂಜೆ ಮೂರನೆಯ ಜೋಡಿಯ ಚಿಂತೆಯಲ್ಲೇ ಕಳೆದೆ. ಅದು ಎಷ್ಟು ನಡೆಯಬೇಕಾಗುತ್ತದೆ ಎಂಬುದರ ಗುರುತು ಎಂದು ಸಹನಾ ಹೇಳುವ ಹೊತ್ತಿಗೆ ಅವಳ ಅಪ್ಪನ ಹಳೆಯ ಸ್ಯಾಂಡಲ್ಲನ್ನು ನಾನು ತೊಳೆದು ಒಣಹಾಕಿಯಾಗಿತ್ತು.

ಇನ್ನು ರೋಮ್. ಹಡಗು ರೋಮಿಗೆ ಹೋಗುತ್ತದೆ ಎಂದು ದೊಡ್ಡ ಅಕ್ಷರದಲ್ಲಿತ್ತು. ಸಣ್ಣ ಅಕ್ಷರದಲ್ಲಿ ನೋಡಿದರೆ ನಿಲ್ಲುವುದು ಬೇರೆ ಊರಿನಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ತಾಸು. ಸಹನಾಳಿಗೆ ಇದು ಮೋಸದಂತೆ ಕಂಡಿತು. ನನಗೆ ಏನೂ ಅನಿಸಲಿಲ್ಲ. ನಮ್ಮ ಕಡೆಯವರು ರೈಲಿನಲ್ಲಿ ಯಾದಗಿರಿಗೆ ಇಳಿದು, ಬಸ್ಸು ಹಿಡಿದು ಸುರಪುರಕ್ಕೋ ಹುಣಸಗಿಗೋ ಹೋಗುವುದಿಲ್ಲವೇ? ಯಾದಗಿರಿ ನಮ್ಮ ಬಂದರು. ಬಂದರಿನಿಂದ ಊರು ದೂರವಿರುವುದು ಲೋಕಾರೂಢಿ.

ಸುಶೀಲಾ ಒಂದು ಭಾನುವಾರ ಸುರಪುರದಿಂದ ಬಂದು, ಪೆನ್ಸಿಲ್ ಹಿಡಿದು, ತನ್ನ ಆರೂ ಬಂದರುಗಳಿಗೆ ಚಕಚಕನೆ ಟಿಕ್ ಹಾಕಿದಳು. ನರ್ಸುಗಳು ಚಾರ್ಟು ತುಂಬುವುದು ಹಾಗೆ. ಆಮೇಲೆ ನನ್ನ ಕಾಗದ ನನ್ನ ಕಡೆ ಸರಿಸಿದಳು.

“ಹೇಳು ಅಕ್ಕ. ನಿನಗ ಏನ್ ನೋಡೂದದ?”

“ನೀ ಹೆಂಗ ಅಂತಿ ಹಂಗ,” ಅಂದೆ.

ಇದು ನನ್ನ ಹಳೆಯ ಮಾತು. ಮದುವೆಯ ಸೀರೆ ಆರಿಸುವಾಗ ಅತ್ತೆಗೆ ಇದನ್ನೇ ಹೇಳಿದೆ. ಅತ್ತೆಯ ಊರು ಸಗರದ ಮನೆಯಿಂದ ಶಹಾಪುರಕ್ಕೆ ಬಂದು ನೆಲೆಸೋಣವೇ ಎಂದು ನಿಮ್ಮ ಅಜ್ಜ (ಸುಶೀಲಾಳಿಗೆ ಅವರು ಮಾವ) ಕೇಳಿದಾಗಲೂ ಇದನ್ನೇ ಹೇಳಿದೆ. ಈ ಮಾತಿನಿಂದ ಯಾರಿಗೂ ಬೇಸರವಾಗಿದ್ದಿಲ್ಲ. ಆದರೆ ಸುಶೀಲಾ ಪೆನ್ಸಿಲ್ ಕೆಳಗಿಟ್ಟಳು.

“ಮಾವ ತೀರಿಹೋಗಿ ನಾಕ ವರ್ಷ ಆತು. ಇನ್ನಾ ಯಾರ ಹುಕುಂ ಕಾಯಾಕತ್ತೀದಿ? ಐದು ಬಂದರ ನಾ ಬರೀತೀನಿ. ಒಂದರೆ ನೀ ಹೇಳಬೇಕು, ನಿನ್ನ ಬಾಯಿಲೆ. ಬರೋ ಐತವಾರ ಬರ್ತೀನಿ. ಅಷ್ಟರಾಗ ಹೇಳಲಿಲ್ಲಂದ್ರ ನಿನ್ನ ಹೆಸರು ಹೊಡದ ಹಾಕ್ತೀನಿ. ಮನ್ಯಾಗ ಕೂತು ಸ್ಯಾಂಡಲ್ ತೊಳಿ.”

ತಮಾಷೆಯಲ್ಲ ಎಂದು ಅವಳ ಮುಖವೇ ಹೇಳಿತು. ಅವಳು ಬಸ್ಸಿಗೆ ಹೋದ ಮೇಲೆ ನನಗೆ ಒಂದು ವಿಚಿತ್ರ ಸಂಗತಿ ಗೊತ್ತಾಯಿತು. ನನಗೆ ಹೋಗಬೇಕಾಗಿತ್ತು. ಹೆಸರು ಹೊಡೆದುಹಾಕಿದರೆ ದುಃಖವಾಗುತ್ತಿತ್ತು. ಏನು ನೋಡಬೇಕೆಂಬುದು ಮಾತ್ರ ತಿಳಿಯದು. ಬೇಕು ಅನ್ನುವುದಕ್ಕೂ ರೂಢಿ ಬೇಕಾಗುತ್ತದೆ ಮಕ್ಕಳೇ. ನಿಮಗೆ ಅದು ಹುಟ್ಟಿನಿಂದ ಬಂದಿದೆ, ಐಸ್‌ಕ್ರೀಮಿನ ಅಂಗಡಿಯಲ್ಲಿ ನೋಡಿದ್ದೇನೆ.

ನೋಡುವ ವಿಷಯದಲ್ಲಿ ನನ್ನ ಯೋಗ್ಯತೆ ಎಷ್ಟೆಂದು ಹೇಳುತ್ತೇನೆ. ಒಮ್ಮೆ ನಮ್ಮ ಮನೆಯ ಮುಂದೆ ಪ್ರವಾಸಿಗಳ ಗಾಡಿ ನಿಂತಿತು. ಒಬ್ಬ ಹೆಣ್ಣುಮಗಳು ಇಳಿದು, ಇಲ್ಲಿ ನೋಡುವಂಥದು ಏನಿದೆ ಎಂದು ಕೇಳಿದಳು. ನಾಚಿಕೆಯಲ್ಲಿ ಸೆರಗು ಎಳೆದುಕೊಂಡು “ಏನೂ ಇಲ್ರಿ” ಅಂದೆ. ನನ್ನ ಬೆನ್ನ ಹಿಂದೆ ಬುದ್ಧ ಮಲಗಿದ ಹಾಗೆ ಕಾಣುವ ಶಹಾಪುರದ ಬೆಟ್ಟ ಇಡಿಯಾಗಿ ಮಲಗಿತ್ತು. ಅವರು ಅದನ್ನು ನೋಡಲೆಂದೇ ಬಂದವರು. ನನ್ನ ಮಾತು ಕೇಳಿ ಪಾಪ ಶಿರವಾಳದ ಗುಡಿಗಳ ಕಡೆ ಗಾಡಿ ತಿರುಗಿಸಿದರು.

ಎದುರು ಮನೆಯ ಖೈರುನ್ನೀಸಾಳನ್ನು ಕೇಳಿದೆ. ಓಣಿಯ ಹೆಂಗಸರ ಬಟ್ಟೆಯೆಲ್ಲ ಹೊಲಿಯುವವಳು ಅವಳೇ. ಹಜ್‌ಗೆ ಹೋಗಿಬಂದವಳಾದ್ದರಿಂದ ಸಮುದ್ರದಾಚೆಯ ಅನುಭವವೂ ಓಣಿಯಲ್ಲಿ ಅವಳಿಗೊಬ್ಬಳಿಗೇ. ಅವಳು ಮಷಿನ್ ನಿಲ್ಲಿಸಿ ಗಂಭೀರವಾಗಿ ಯೋಚಿಸಿದಳು.

“ದೇಖೋ ಅಕ್ಕಾ, ಎಲ್ಲೀರೇ ಇಳೀರಿ, ಪೈಲೇ ಬಾತ್‌ರೂಮ್ ಕಿಧರ್ ನೋಡ್ಕೋರಿ. ಬಾಕೀದೆಲ್ಲಾ ತನ್ನಷ್ಟಕ್ಕ ಕಾಣಸ್ತದ.”

ಇದಕ್ಕಿಂತ ಒಳ್ಳೆಯ ಸಲಹೆ ಆ ಇಡೀ ಕಾಗದದಲ್ಲಿ ಇರಲಿಲ್ಲ. ಆದರೆ ಅದಕ್ಕೆ ಟಿಕ್ ಹಾಕುವಂತಿರಲಿಲ್ಲ.

ಶನಿವಾರ ಮಧ್ಯಾಹ್ನ ಸಹನಾ ಮತ್ತೆ ಮೊದಲಿನಿಂದ ಓದಿ ಹೇಳತೊಡಗಿದಳು. ನಾನು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದೆ. ಬೂದಿಯಲ್ಲಿ ಹೂತುಹೋದ ಹಳೆಯ ಊರು, ಎರಡು ಬೂಟು. ಬೇಡ. ಚರ್ಚು, ಒಂದು ಬೂಟು. ಇರಲಿ ನೋಡೋಣ. ಪಲೆರ್ಮೋ ಎಂಬ ಬಂದರಿಗೆ ಬಂದಾಗ ಏಳು ಓದಿ, ಎಂಟನೆಯದನ್ನು ಬಿಟ್ಟು ಹಾಳೆ ತಿರುವಿದಳು.

“ಒಂದು ಬಿಟ್ಟಿ,” ಅಂದೆ.

“ಅದು ನಿನಗಲ್ಲ ಬಿಡಾಯಿ.”

“ಏನಂತ ಬರದಾರ?”

“ಊರ ಹೊರಗ ಉಸುಕಿನ ದಂಡಿ. ಅರ್ಧ ದಿನ ಈಸು ಬೀಳೂದು. ಈಸು ಬರೋರಿಗಿ ಮಾತ್ರ ಅಂತ.”

ಅವರೆಕಾಯಿ ಕೈಯಲ್ಲೇ ಉಳಿಯಿತು. ನಿಮ್ಮ ಅಪ್ಪಂದಿರಿಗೂ ಗೊತ್ತಿಲ್ಲದ ಒಂದು ವಿಷಯವನ್ನು ಈಗ ಬರೆಯುತ್ತೇನೆ. ನನಗೆ ಈಜು ಬರುತ್ತದೆ.

ನನ್ನ ಸೋದರತ್ತೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊಳೆಗೆ ಇಳಿಸಿದಾಗ ನನಗೆ ಏಳು ವರ್ಷ. ಒಂದು ಬೇಸಿಗೆ ಮುಗಿಯುವುದರೊಳಗೆ ಬುರುಡೆ ಬಿಚ್ಚಿದರು. ಹತ್ತು ವರ್ಷ ಆ ಹೊಳೆ ನನ್ನ ಅಂಗಳವಾಗಿತ್ತು. ಆಳದ ಮಡುವಿನಲ್ಲಿ ಮುಳುಗಿ ಕಣ್ಣು ಬಿಟ್ಟರೆ ಹಸಿರು ಬೆಳಕು. ಮನೆಯಲ್ಲಿ ಬಾಯಿ ಬಿಡದ ಹುಡುಗಿ ಅಲ್ಲಿ ಕೂಗಿ ಹುಡುಗರಿಗೆ ಪಂದ್ಯ ಕಟ್ಟುತ್ತಿದ್ದಳು. ಹದಿನೇಳಕ್ಕೆ ಮದುವೆಯಾಗಿ ಸಗರಕ್ಕೆ ಬಂದೆ. ಅಲ್ಲಿ ಹೆಣ್ಣುಮಕ್ಕಳು ಬಾವಿಯಿಂದ ನೀರು ತರುತ್ತಿದ್ದರು, ನೀರಿಗೆ ಇಳಿಯುತ್ತಿರಲಿಲ್ಲ.

ನಿಮ್ಮ ಅಜ್ಜನಿಗೆ ನೀರೆಂದರೆ ಭಯ. ಮದುವೆಯಾದ ಹೊಸದರಲ್ಲಿ ಆಚೆ ದಂಡೆಯ ಬಂಧುಗಳ ಮನೆಗೆ ಹರಿಗೋಲಿನಲ್ಲಿ ಹೊರಟೆವು. ಹೊಳೆಯ ನಡುವೆ ಅವರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, “ಹೆದರಬ್ಯಾಡ, ನಾ ಅದೀನಿ” ಅಂದರು. ಅವರ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಹರಿಗೋಲು ಮಗುಚಿದರೆ ಅವರನ್ನು ಎಳೆದು ದಂಡೆಗೆ ಹಾಕಬೇಕಾದವಳು ನಾನು. ಅದನ್ನು ಹೇಳುವುದು ಹೇಗೆ? “ಹೂಂ” ಅಂದೆ. ಮೊದಲ ದಿನ ಹೇಳದ ಮಾತನ್ನು ಹತ್ತು ವರ್ಷ ಬಿಟ್ಟು ಹೇಳಿದರೆ ಅದು ಮುಚ್ಚಿಟ್ಟ ಅಪರಾಧದಂತೆ ಕೇಳಿಸುತ್ತದೆ. ಇಪ್ಪತ್ತು ವರ್ಷ ಬಿಟ್ಟರೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಉಳಿದಿತ್ತು ಎಂಬುದು ಅವರೆಕಾಯಿ ಸುಲಿಯುವಾಗ ಗೊತ್ತಾಯಿತು.

ಭಾನುವಾರ ಸುಶೀಲಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಹಾಂ, ಏನಾತು?”

ಹೇಳಬೇಕಾದ ಮಾತನ್ನು ಬೆಳಗ್ಗಿನಿಂದ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಆದರೂ “ಚಾ ಕುಡಿ ಮೊದಲ” ಅಂದೆ. ಚಹಾ ಕುಡಿದಳು. “ಉಪ್ಪಿಟ್ಟು ಅದ” ಅಂದೆ. ಉಪ್ಪಿಟ್ಟೂ ತಿಂದಳು. ತಟ್ಟೆ ಬದಿಗಿಟ್ಟು ಚೀಲದಿಂದ ಪೆನ್ಸಿಲ್ ತೆಗೆದು, ನನ್ನ ಹೆಸರಿನ ಮೇಲೆ ಅದರ ಮೊನೆ ಇಟ್ಟಳು.

“ಪಲೆರ್ಮೋ,” ಅಂದೆ. “ಎಂಟನೇದು.”

ಅವಳು ಕನ್ನಡಕ ಏರಿಸಿ ಓದಿದಳು. “ಇದು ಈಸು ಬೀಳೂದು. ಯಾರು ಬೀಳ್ತಾರ?”

“ನಾ.”

“ಅಕ್ಕ, ನಿನಗ ಅರವತ್ತೆಂಟು.”

“ನೀರಿಗೇನ್ ಗೊತ್ತದ?”

ಸಹನಾ ಬಾಯಿ ತೆರೆದು ನನ್ನನ್ನು ನೋಡುತ್ತಿದ್ದಳು. ಸುಶೀಲಾ ಕನ್ನಡಕ ಕೆಳಗಿಳಿಸಿದಳು. ಆಮೇಲೆ ಅವಳ ಧ್ವನಿ ಸಣ್ಣದಾಯಿತು. “ನೀ ಮಡುವಿನ್ಯಾಗ ಮುಳಗಿದ್ರ ಮ್ಯಾಲ ಬರೋತನಕ ನಾ ದಂಡಿ ಮ್ಯಾಲ ಕೂತು ಅಳ್ತಿದ್ದೆ. ಈಗ ಅಲ್ಲೀಮಟ ಹೋಗಿ ಅಳಸ್ತೀಯೇನ?” ಎಂದಳು. ಹಾಗೆನ್ನುತ್ತಲೇ ಟಿಕ್ ಹಾಕಿದಳು, ಕಾಗದ ಹರಿಯುವಷ್ಟು ಒತ್ತಿ. ನಂತರ ಚೀಲದಿಂದ ಬಿಪಿ ನೋಡುವ ಪಟ್ಟಿ ತೆಗೆದು ನನ್ನ ತೋಳಿಗೆ ಸುತ್ತಿದಳು. ಬಿಪಿ ಸರಿಯಾಗಿತ್ತು. ಅವಳಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಬಟ್ಟೆಯ ಪ್ರಶ್ನೆ ಉಳಿಯಿತು. ಸೀರೆಯಲ್ಲಿ ಬಿಡುವುದಿಲ್ಲವಂತೆ. ಅಲ್ಲಿಯವರು ಹಾಕುವುದನ್ನು ಸಹನಾ ಫೋನಿನಲ್ಲಿ ತೋರಿಸಿದಳು; ನಾನು ಫೋನನ್ನು ಬೋರಲು ಹಾಕಿದೆ. ಮತ್ತೆ ಖೈರುನ್ನೀಸಾಳೇ ಗತಿ. ಅವಳು ಮೈತುಂಬ ಅಳತೆ ತೆಗೆದು, ಜಾರುವ ಕಪ್ಪು ಬಟ್ಟೆಯಲ್ಲಿ ಮುಂಗೈವರೆಗೆ ತೋಳು, ಹಿಮ್ಮಡಿವರೆಗೆ ಕಾಲು, ಮೊಣಕಾಲಿನವರೆಗೆ ಅಂಗಿ ಹೊಲಿದುಕೊಟ್ಟಳು. “ಗಾಳಿ ತುಂಬಿ ಬಲೂನ್ ಆಗಬಾರ್ದು ನೋಡ್ರಿ ಅಕ್ಕಾ,” ಎಂದು ಅಂಚಿಗೆ ಎರಡು ಸಲ ಹೊಲಿಗೆ ಹಾಕಿದಳು.

ಉಳಿದ ಐದು ಬಂದರುಗಳ ಬಗ್ಗೆ ಸಣ್ಣಾಯಿಯನ್ನು ಕೇಳಿ. ಅವಳ ಹತ್ತಿರ ಫೋಟೋಗಳಿವೆ. ಪಲೆರ್ಮೋದಲ್ಲಿ ಅವಳು ತಾನು ಟಿಕ್ ಹಾಕಿದ ಚರ್ಚನ್ನು ಬಿಟ್ಟು ನನ್ನ ಜೊತೆ ಬಂದಳು. “ಅಲ್ಲಿ ಏನ್ ನೋಡ್ಲಿ? ನೀ ಮುಳಗೂದೇ ಕಣ್ಣಮುಂದ ಬರ್ತದ,” ಎಂದು ಟವೆಲ್ ಹಿಡಿದು ಕೊಡೆಯ ಕೆಳಗೆ ಕೂತಳು.

ಖೈರುನ್ನೀಸಾಳ ಅಂಗಿಯಲ್ಲಿ ನಾನು ಕಾಲು ತಾಸು ಉಸುಕಿನಲ್ಲಿ ನಿಂತೇ ಇದ್ದೆ. ಇಡೀ ದಂಡೆ ನನ್ನನ್ನೇ ನೋಡುತ್ತಿದೆ ಎಂದು ತಲೆ ತಗ್ಗಿಸಿದ್ದೆ. ಕೊನೆಗೆ ಯಾರು ಯಾರು ನೋಡುತ್ತಿದ್ದಾರೆ ಎಂದು ಓರೆಗಣ್ಣಿನಿಂದ ನೋಡಿದೆ. ಒಬ್ಬರೂ ಇಲ್ಲ. ಒಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು. ಒಬ್ಬ ಮುದುಕ ತನ್ನ ಹೊಟ್ಟೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ನನ್ನ ಐವತ್ತು ವರ್ಷಗಳ ನಾಚಿಕೆಗೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ.

ಇಳಿದೆ. ಮೊದಲ ಗುಟುಕು, ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ. ಕೈ ಮರೆತಿತ್ತು, ಕಾಲು ಮರೆತಿರಲಿಲ್ಲ. ಹೊಳೆಯಲ್ಲಿ ತೇಲಬೇಕಾದರೆ ನಾವು ದುಡಿಯಬೇಕು. ಈ ನೀರು ತಾನೇ ಎತ್ತಿಹಿಡಿಯಿತು. ಅಂಗಾತ ಮಲಗಿ ಆಕಾಶ ನೋಡಿದೆ. ದಂಡೆಯಿಂದ ಸುಶೀಲಾ ಎದ್ದು ನಿಂತು ಟವೆಲ್ ಬೀಸಿದಳು.

“ಅಕ್ಕಾ! ಸಾಕು, ಬಾ! ಬಸ್ಸಿಗೆ ಅರ್ಧ ತಾಸ ಉಳದದ! ಕೇಳಸ್ತೇನ?”

ನೀರಿನಲ್ಲಿ ಕಿವಿ ಮುಳುಗಿದ್ದರೆ ದಂಡೆಯ ಮಾತು ಕೇಳಿಸುವುದಿಲ್ಲ ಎಂದು ಆಮೇಲೆ ಅವಳಿಗೆ ಹೇಳಿದೆ. ನಿಮಗೆ ಸುಳ್ಳು ಹೇಳಲಾರೆ. ಚೆನ್ನಾಗಿ ಕೇಳಿಸಿತ್ತು. ಅರ್ಧ ತಾಸಿನಲ್ಲಿ ಇನ್ನೊಂದು ಸುತ್ತು ಆಗುತ್ತದೆ ಅನಿಸಿತು. ದಂಡೆಗೆ ಬೆನ್ನು ಮಾಡಿ ಈಜಿದೆ. ಬಸ್ಸೂ ತಪ್ಪಲಿಲ್ಲ.